ಬೆಂಡಿನ ಸುರುಳಿ

ರೇಣುಕಾ ಸುಳ್ಳು ಹೇಳಿರಲಿಲ್ಲ. ಸುಳ್ಳು ನನ್ನದು. ಅದನ್ನು ನಾನು ಬಾಯಿಬಿಟ್ಟು ಆಡಲೂ ಇಲ್ಲ — ಅವಳ ಅಪ್ಪನ ಎದುರು ಒಂದು ನಿಜ ಹೇಳಿ, ಇನ್ನೊಂದು ನಿಜವನ್ನು ನುಂಗಿಕೊಂಡೆ. ಅಷ್ಟರಿಂದಲೇ ಒಬ್ಬಳ ಬದುಕು ಮುರಿಯಿತು.

ಇದನ್ನು ಸೊರಬದವರು ಓದಬೇಕು ಎಂದು ಬರೆಯುತ್ತಿದ್ದೇನೆ. ಮರ, ಬೆಂಡು ಕೆತ್ತುವ ಗುಡಿಗಾರ ಗುತ್ಯಪ್ಪನವರ ಮಗಳು ರೇಣುಕಾ ದೊಡ್ಡ ಓದಿಗೆಂದು ಬೆಂಗಳೂರಿಗೆ ಹೋದಳು, ಅಲ್ಲಿ ಇಲ್ಲದ್ದನ್ನು ಇದೆ ಎಂದು ತೋರಿಸಿ ಸಿಕ್ಕಿಬಿದ್ದಳು, ತಲೆ ತಗ್ಗಿಸಿ ವಾಪಸು ಬಂದಳು — ಈ ಮಾತು ಆ ಊರಿನ ಹಿರಿಯರ ಬಾಯಲ್ಲಿ ಇನ್ನೂ ಇದೆ. ಆ ಮಾತಿನ ಬೇರು ನಾನು. ನನ್ನ ಹೆಸರು ವಿಶಾಲಾಕ್ಷಿ. ಶಿಕಾರಿಪುರದವಳು, ವಕೀಲರ ಮಗಳು. ಅಮೈನೋ ಆಮ್ಲಗಳ ಪಾಠ ಹೇಳಿಕೊಂಡೇ ಆಯುಷ್ಯ ಕಳೆದವಳು. ನಾನು ಕೂತಿದ್ದ ಕುರ್ಚಿಯಲ್ಲಿ ಅವಳು ಕೂರಬೇಕಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವಿಬ್ಬರೂ ಒಬ್ಬರೇ ಗುರುಗಳ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆವು. ಪಕ್ಕಪಕ್ಕದ ತಾಲ್ಲೂಕಿನವರು ಎಂದು ಹಾಸ್ಟೆಲಿನಲ್ಲಿ ಒಂದೇ ಕೋಣೆ. ನನಗೆ ಮಾತು ಹೆಚ್ಚು, ಅವಳಿಗೆ ಕೈ ಹೆಚ್ಚು. ನಾನು ಸುರಿದರೆ ಅರ್ಧ ಮೇಜಿನ ಮೇಲೆ ಬೀಳುವ ದ್ರವ ಅವಳು ಸುರಿದರೆ ತೊಟ್ಟೂ ಚೆಲ್ಲುತ್ತಿರಲಿಲ್ಲ. ಗುರುಗಳು ಅದನ್ನು ನೋಡಿ ಮೆಚ್ಚುತ್ತಿದ್ದರು. ಅವರು ಮೆಚ್ಚುವುದನ್ನು ನಾನು ನೋಡುತ್ತಿದ್ದೆ — ಹೊಟ್ಟೆಕಿಚ್ಚು ಎಂದು ಆಗ ಅದಕ್ಕೆ ಹೆಸರಿಟ್ಟಿರಲಿಲ್ಲ.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ತಪ್ಪು ತಿಳಿಯುವುದಿಲ್ಲ. ಅಮೈನೋ ಆಮ್ಲಗಳು ಮಣಿಗಳು ಎಂದುಕೊಳ್ಳಿ. ಅವನ್ನು ಪೋಣಿಸಿದ ಸಣ್ಣ ಸರಕ್ಕೆ ಪೆಪ್ಟೈಡ್ ಎನ್ನುತ್ತೇವೆ. ತಕ್ಕ ದ್ರವದಲ್ಲಿ ಕರಗಿಸಿದರೆ ಆ ಸರ ಸುಮ್ಮನೆ ಜೋತುಬೀಳುವುದಿಲ್ಲ. ಹಾಗಲಬಳ್ಳಿಯ ಕುಡಿಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ಸುತ್ತಿನ ಆಮ್ಲಜನಕ ಮುಂದಿನ ಸುತ್ತಿನ ಜಲಜನಕವನ್ನು ಹಿಡಿದುಕೊಳ್ಳುವುದರಿಂದ ಸುರುಳಿ ನಿಲ್ಲುತ್ತದೆ. ಉದ್ದದ ಸರದಲ್ಲಿ ಹೀಗೆ ಹಿಡಿದುಕೊಂಡವರು ಬಹಳ ಮಂದಿ. ಸಣ್ಣ ಸರದಲ್ಲಿ ಕೆಲವರೇ. ಅಂಥ ಸಣ್ಣ ಸರದ ನಡುವಿನ ಒಂದು ಮಣಿಯನ್ನು ತೆಗೆದು ಬೇರೊಂದನ್ನು ಇಟ್ಟರೆ ಸುರುಳಿ ನಿಂತೀತೇ, ಬಿಚ್ಚಿಕೊಂಡೀತೇ? ಆಗ ಅದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ನನಗೆ ಮಾತ್ರ ತಿಳಿದಿತ್ತು — ಅಂದರೆ, ತಿಳಿದಿದೆ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ಸುರುಳಿ ಕಟ್ಟುವುದು ಸರದ ಬೆನ್ನೆಲುಬು. ಮಣಿಗಳ ಪಕ್ಕದ ಕೊಂಬೆಗಳೆಲ್ಲ ಹೊರಕ್ಕೆ ಚಾಚಿರುತ್ತವೆ. ಹೊರಗಿನದು ಬದಲಾದರೆ ಒಳಗಿನದಕ್ಕೇನು? "ಬೆನ್ನು ಗಟ್ಟಿಯಿದ್ದರೆ ಹೆಗಲ ಮೇಲಿನ ಶಾಲು ಯಾವುದಾದರೇನು?" ಎಂದೆ. ಎಲ್ಲರೂ ನಕ್ಕರು, ಗುರುಗಳೂ ನಕ್ಕರು. ಒಂದು ನಗು ಗಿಟ್ಟಿಸಿದ ಮಾತನ್ನು ಬಿಟ್ಟುಕೊಡುವುದು ಎಷ್ಟು ಕಷ್ಟ ಎಂದು ನನ್ನ ಹಾಗೆ ಮಾತುಗಾರರಾದವರಿಗೇ ಗೊತ್ತು.

ರೇಣುಕಾ ಎದ್ದು ತನ್ನ ಮೇಜಿಗೆ ಹೋದಳು. ಅವಳು ತಿಂಗಳುಗಟ್ಟಲೆ ಕೂತು ಎರಡು ಪೆಪ್ಟೈಡ್ ಕಟ್ಟುತ್ತಿದ್ದಳು. ಒಂದರಲ್ಲಿ ಎಲ್ಲವೂ ಗ್ಲುಟಾಮಿಕ್ ಆಮ್ಲದ ಮಣಿಗಳೇ. ಇನ್ನೊಂದರಲ್ಲಿ ನಟ್ಟನಡುವೆ ವ್ಯಾಲೀನ್ ಎಂಬುದು. ವ್ಯಾಲೀನಿನ ಕೊಂಬೆ ಬೆನ್ನೆಲುಬಿನ ಪಕ್ಕದಲ್ಲೇ ಕವಲೊಡೆದಿರುತ್ತದೆ, ಬುಡದಲ್ಲೇ ಎರಡಾದ ಗಿಡದ ಹಾಗೆ. ದ್ರಾವಣದ ಮೂಲಕ ಒಂದು ಬಗೆಯ ಬೆಳಕನ್ನು ಹಾಯಿಸಿದರೆ ಅದು ಎಷ್ಟು ತಿರುಗುತ್ತದೆ ಎಂಬುದರಿಂದ ಒಳಗೆ ಸುರುಳಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮೊದಲನೆಯದರಲ್ಲಿ ಸುರುಳಿ ಇತ್ತು. ವ್ಯಾಲೀನ್ ಇದ್ದುದರಲ್ಲಿ ಬಿಚ್ಚಿಕೊಂಡಿತ್ತು. ಅವಳು ಅದನ್ನು ಗುರುಗಳಿಗೆ ತೋರಿಸಿದಳು.

ಅವರು ನಂಬಲಿಲ್ಲ. ಪದಾರ್ಥ ಶುದ್ಧವಾಗಿಲ್ಲ ಎಂದರು. ರೇಣುಕಾ ಮೆಲ್ಲಗೆ, ಆದರೆ ಬಗ್ಗದೆ, ಶುದ್ಧವಾಗಿದೆ ಎಂದಳು. ಮುಂದಿನ ವರ್ಷಕ್ಕೆ ಗುರುಗಳ ಬಳಿ ನಮ್ಮಿಬ್ಬರಲ್ಲಿ ಒಬ್ಬಳಿಗೇ ಜಾಗ ಎಂದು ಆಗಲೇ ಗೊತ್ತಾಗಿತ್ತು. ಬೇಸಿಗೆ ರಜೆಗೆ ಹೊರಟಾಗ ಗುರುಗಳು ತೀರ್ಮಾನ ಕೊಟ್ಟರು. "ಇಬ್ಬರೂ ಸೇರಿ ಸುರುಳಿಯ ಮಾದರಿ ಕಟ್ಟಿಕೊಂಡು ಬನ್ನಿ. ಪರಮಾಣುಗಳ ಅಳತೆ ಸರಿಯಾಗಿರಲಿ. ವ್ಯಾಲೀನ್ ಅದರಲ್ಲಿ ಇಕ್ಕಟ್ಟಿಲ್ಲದೆ ಕೂತರೆ ರೇಣುಕಾ ಹೇಳಿದ್ದು ತಪ್ಪು. ಕೂರದಿದ್ದರೆ ಅವಳದೇ ಸರಿ, ಜಾಗವೂ ಅವಳದೇ."

ರೇಣುಕಾಳ ಮುಖ ಅರಳಿತು. "ಪರಮಾಣುಗಳಿಗೆ ನಮ್ಮ ಅಪ್ಪಯ್ಯ ಮರದ ಗುಂಡು ಮಾಡಿಕೊಡ್ತಾರೆ ಸಾರ್," ಎಂದಳು. ಮರ ಭಾರ, ಬಸ್ಸಿನಲ್ಲಿ ಹೊತ್ತು ತರುವುದು ಕಷ್ಟ, ಬೆಂಡಿನಲ್ಲಿ ಮಾಡಿಸೋಣ ಎಂದವಳು ನಾನು. ಆಣೆಯಿಟ್ಟು ಹೇಳುತ್ತೇನೆ, ಆಗ ನನ್ನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಕಪಟ ಯಾವ ಕ್ಷಣದಲ್ಲಿ ಬಂತು ಎಂಬುದು ನನಗೆ ಖಚಿತವಾಗಿ ಗೊತ್ತಿದೆ ಎಂದು ತೋರಿಸಲು ಹೇಳುತ್ತಿದ್ದೇನೆ.

ಸೊರಬದಲ್ಲಿ ಅದು ಮದುವೆಯ ಕಾಲ. ಗುತ್ಯಪ್ಪನವರ ಜಗಲಿಯ ತುಂಬ ಅರೆಬರೆ ಆದ ಬಾಸಿಂಗಗಳು. ಗುಡವಿ ಕೆರೆಯ ಕಡೆಯಿಂದ ತಂದು ಒಣಗಿಸಿದ ನೀರುಗಿಡದ ಬೆಂಡನ್ನು ಅವರು ಕತ್ತಿಯಲ್ಲಿ ಹಾಳೆಯಂತೆ ಸೀಳುತ್ತಿದ್ದರೆ ಸದ್ದೇ ಇರುತ್ತಿರಲಿಲ್ಲ. ಮಗಳನ್ನು ಓದಲು ಕಳಿಸಿದ್ದಕ್ಕೆ ಅವರು ತಮ್ಮವರಿಂದಲೇ ಬೇಕಾದಷ್ಟು ಕೇಳಿಸಿಕೊಂಡಿದ್ದವರು. ಮದುವೆಮನೆಯವರು ಬಾಗಿಲಲ್ಲಿ ಕಾಯುತ್ತಿದ್ದರೂ ನಮ್ಮ ಕೆಲಸವನ್ನು ಮುಂದಕ್ಕೆ ಹಾಕಲಿಲ್ಲ.

"ಇಷ್ಟ್ ದಿನ ದೇವ್ರಿಗೆ ಮಾಡ್ದೆ, ಮದುಮಕ್ಳಿಗೆ ಮಾಡ್ದೆ. ಈಗ ಮಗಳ ವಿದ್ಯಕ್ಕೆ ಮಾಡೋದು," ಎಂದರು. "ಅಳತೆ ಹೇಳ್ರಿ ಅಕ್ಕೋರೇ. ಕೂದ್ಲೆಳೆ ಆಚೆ ಈಚೆ ಆದ್ರೆ ಕೇಳ್ರಿ."

ನಾನು ತಗಡಿನಲ್ಲಿ ಬೇರೆಬೇರೆ ಗಾತ್ರದ ತೂತು ಕೊರೆದು ಕೊಟ್ಟಿದ್ದೆ. ಇಂಗಾಲಕ್ಕೊಂದು, ಸಾರಜನಕಕ್ಕೊಂದು, ಆಮ್ಲಜನಕಕ್ಕೊಂದು, ಜಲಜನಕಕ್ಕೊಂದು. ಅವರು ಒಂದೊಂದು ಗುಂಡನ್ನೂ ಆ ತೂತಿನಲ್ಲಿ ತೂರಿಸಿ ನೋಡಿಯೇ ಬುಟ್ಟಿಗೆ ಹಾಕಿದರು. ಗುಂಡುಗಳನ್ನು ಜೋಡಿಸುವ ಕೆಲಸ ನಾವಿಬ್ಬರೂ ಸೇರಿ ಮಾಡುವುದು ಎಂದಿತ್ತು. ಅಷ್ಟರಲ್ಲಿ ರೇಣುಕಾಳಿಗೆ ಕಾಮಾಲೆ ಆಯಿತು. ಕಣ್ಣು ಅರಿಸಿನದ ಬಣ್ಣ, ಎದ್ದು ನಿಂತರೆ ತಲೆಸುತ್ತು. "ನೀನೇ ಜೋಡ್ಸೇ ವಿಶಾಲು, ನಿನ್ ಮೇಲೆ ನಂಗೆ ಅನುಮಾನ ಉಂಟಾ?" ಎಂದು ಒಳಮನೆಯಲ್ಲಿ ಮಲಗಿಕೊಂಡೇ ನಕ್ಕಳು. ನಾನು ಬುಟ್ಟಿ ಹೊತ್ತುಕೊಂಡು ಶಿಕಾರಿಪುರಕ್ಕೆ ಬಂದೆ.

ನಮ್ಮ ಮನೆಯ ಪಡಸಾಲೆಯಲ್ಲಿ, ಬಿದಿರಿನ ಕಡ್ಡಿ ಚುಚ್ಚಿ, ಕೋನ ಅಳೆದು, ಬೆನ್ನೆಲುಬು ಕಟ್ಟಿದೆ. ಸುರುಳಿ ಸೊಗಸಾಗಿ ಎದ್ದಿತು. ಅಮ್ಮ ಬಾಗಿಲಲ್ಲಿ ನಿಂತು, "ಏನ ಮಾಡಾಕತ್ತೀಯೇ ಇದು? ನಿನ್ನ ಮದುವಿ ಬಾಸಿಂಗಾನ ನೀನಾ ಮಾಡ್ಕೊಳ್ಳಾಕತ್ತೀಯೇನ?" ಎಂದು ಹಂಗಿಸಿದಳು. ನಾನೂ ನಕ್ಕೆ. ಆಮೇಲೆ ವ್ಯಾಲೀನ್ ಇಡಲು ಹೋದೆ.

ಮೊದಲು ಕೂರಲಿಲ್ಲ. ಕವಲಿನ ಒಂದು ಗುಂಡು ಹಿಂದಿನ ಸುತ್ತಿನ ಆಮ್ಲಜನಕಕ್ಕೆ ತಗುಲುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಕೂತಿತು. ತಿರುಗಿಸಿದೆ, ಆ ಕಡೆಗೂ ಕೂತಿತು. ಹೇಗೆ ತಿರುಗಿಸಿದರೂ ಕೂತಿತು. ನನ್ನ ಮಾತೇ ಗೆದ್ದಿತು ಎಂದು ಎದೆಯುಬ್ಬಿತು. ಗುಂಡನ್ನು ಹೊರಗೆ ತೆಗೆದು ನೋಡಿದೆ — ಬೆಂಡಿನ ಮೇಲೆ ಒಂದು ಚಪ್ಪಟೆ ಗುರುತು ಬಿದ್ದಿತ್ತು. ತಗುಲಿದ ಕಡೆ ಬೆಂಡು ಒಳಕ್ಕೆ ಹೋಗಿತ್ತು.

ಆ ಗುರುತನ್ನು ನೋಡಿದ ಮೇಲೆ ನನಗೆ ತಿಳಿಯದೆ ಇರಲು ಸಾಧ್ಯವಿರಲಿಲ್ಲ. ಪರಮಾಣು ಬೆಂಡಲ್ಲ, ಒತ್ತಿದರೆ ಒಳಕ್ಕೆ ಹೋಗುವುದಿಲ್ಲ. ಮರದ ಗುಂಡಾಗಿದ್ದರೆ ವ್ಯಾಲೀನ್ ಯಾವುದೋ ಒಂದೇ ಭಂಗಿಯಲ್ಲಿ, ಅದೂ ಮುದುರಿಕೊಂಡು ಕೂರಬೇಕಿತ್ತು. ಉದ್ದದ ಸುರುಳಿ ಅಂಥ ಒಬ್ಬಳು ಮುನಿಸಿಕೊಂಡವಳನ್ನು ತಾಳಿಕೊಂಡೀತು. ರೇಣುಕಾ ಕಟ್ಟಿದಂಥ ಸಣ್ಣದು ತಾಳದು, ಬಿಚ್ಚಿಕೊಳ್ಳುತ್ತದೆ. ಅವಳು ಬೆಳಕಿನಲ್ಲಿ ಕಂಡದ್ದು ಅದನ್ನೇ. ಅವಳ ಪದಾರ್ಥ ಶುದ್ಧವಾಗಿತ್ತು, ಅವಳ ಅಳತೆ ಸರಿಯಿತ್ತು. ಶಾಲಿನ ಮಾತು ಆಡಿ ನಗಿಸಿದವಳು ತಪ್ಪಿದ್ದಳು.

ಕಪಟ ಬಂದದ್ದು ಆಗ. ಯಾರೂ ನೋಡುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಒಗ್ಗರಣೆಯ ಸದ್ದು. ನಾನು ಆ ಗುಂಡಿಗೆ ಅಂಟು ಹಚ್ಚಿ, ಚಪ್ಪಟೆಯಾದ ಕಡೆಯನ್ನೇ ಒಳಕ್ಕೆ ತಿರುಗಿಸಿ, ಒತ್ತಿ ಕೂರಿಸಿದೆ. ಆಮೇಲೆ ಗುಡಿಗಾರರು ಗೊಂಬೆಗೆ ಹಚ್ಚುವ ಹಾಗೆಯೇ ಹುಣಸೆಬೀಜದ ಅಂಟಿಗೆ ಸೀಮೆಸುಣ್ಣ ಕಲಸಿ ಇಡೀ ಮಾದರಿಗೆ ಬಳಿದು, ಒಣಗಿಸಿ, ಬಣ್ಣ ಹಚ್ಚಿದೆ. ಅದು ಮರದ ಹಾಗೆ ಗಟ್ಟಿಯಾಗಿ ಹೊಳೆಯಿತು. ಬೆರಳಲ್ಲಿ ತಟ್ಟಿದರೆ ಟಕಟಕ ಎನ್ನುತ್ತಿತ್ತು. ಒಳಗಿನದು ಬೆಂಡು ಎಂದು ಯಾರಿಗೂ ನೆನಪಾಗದಂತೆ — ಮಾಡಿದವರಿಗೂ, ಮಾಡಿಸಿದವಳಿಗೂ.

ಮಾದರಿಯನ್ನು ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿ ಸೊರಬಕ್ಕೆ ಒಯ್ದೆ. ಕಂಡಕ್ಟರು, "ಯಾವ ದೇವ್ರನ್ನ ಒಯ್ಯಾಕತ್ತೀರಿ ಅಕ್ಕೋರೇ?" ಎಂದು ತನ್ನ ಪಕ್ಕದ ಸೀಟು ಬಿಡಿಸಿಕೊಟ್ಟ. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲಿತ್ತು. ಇಳಿದು ಮೋರಿಗೆ ಎಸೆದುಬಿಡೋಣ, ಬಸ್ಸಿನಲ್ಲಿ ಮುರಿಯಿತು ಎನ್ನೋಣ, ಮರದಲ್ಲಿ ಮತ್ತೆ ಮಾಡಿಸೋಣ — ಎಲ್ಲವೂ ಹೊಳೆಯಿತು. ಒಂದನ್ನೂ ಮಾಡಲಿಲ್ಲ.

ಗುತ್ಯಪ್ಪನವರ ಜಗಲಿಯಲ್ಲಿ ಅದನ್ನು ಮಣೆಯ ಮೇಲೆ ನಿಲ್ಲಿಸಿದೆ. ರೇಣುಕಾ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಕೂತು, ಒಂದು ಸುತ್ತು, ಎರಡು ಸುತ್ತು, ಬೆರಳಲ್ಲಿ ಹಿಂಬಾಲಿಸಿದಳು. ವ್ಯಾಲೀನಿನ ಹತ್ತಿರ ಬೆರಳು ನಿಂತಿತು. ಬಹಳ ಹೊತ್ತು ನಿಂತಿತು. ಕೇಳೇ, ಎಂದು ನಾನು ಒಳಗೇ ಅಂದುಕೊಂಡೆ. ಒಂದು ಪ್ರಶ್ನೆ ಕೇಳು, ನಾನು ಸತ್ತುಬೀಳುತ್ತೇನೆ, ಹೇಳಿಬಿಡುತ್ತೇನೆ. ಅವಳು ಕೇಳಲಿಲ್ಲ.

"ಕೂತಿದ್ಯಲ್ಲೇ," ಎಂದಳು. ಸ್ವಲ್ಪ ತಡೆದು, "ಹಂಗಾರೆ ನನ್ ಕೈಯೇ ಎಲ್ಲೋ ತಪ್ಪಿದ್ದು."

ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಮಗುಚಿಟ್ಟು ನೋಡಿಕೊಂಡಳು. ಅದನ್ನು ನಾನು ಮರೆತಿಲ್ಲ.

ಗುತ್ಯಪ್ಪನವರು ಕತ್ತಿ ಕೆಳಗಿಟ್ಟು, ಏನಾಯಿತು ಎಂದು ಮಗಳನ್ನು ಕೇಳಿದರು. ಅವಳೇ ಹೇಳಿದಳು: ಇದು ಇಲ್ಲಿ ಕೂತರೆ ನಾನು ಗುರುಗಳಿಗೆ ಹೇಳಿದ್ದು ಸುಳ್ಳಾಗುತ್ತದೆ ಎಂದು. ಅವರಿಗೆ ಪರಮಾಣು ಗೊತ್ತಿರಲಿಲ್ಲ, ಬೆಳಕು ತಿರುಗುವುದು ಗೊತ್ತಿರಲಿಲ್ಲ. ಸುಳ್ಳು ಎಂಬ ಮಾತು ಗೊತ್ತಿತ್ತು. ಅವರು ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಅಕ್ಕೋರೇ, ನೀವು ಓದ್ದೋರು, ನೀವೇ ಹೇಳ್ರಿ. ನನ್ ಬೆಂಡಿನ ಕೆಲ್ಸ ಸುಳ್ಳೋ, ನನ್ ಮಗಳ ಕೆಲ್ಸ ಸುಳ್ಳೋ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಎರಡೇ ಪದ. ನಾನು ಹೇಳಿದ್ದು ಬೇರೆ.

"ನಿಮ್ಮ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ, ಗುತ್ಯಪ್ಪನವರೇ."

ನಿಜ. ಅಪ್ಪಟ ನಿಜ. ಅವರ ಗುಂಡುಗಳ ಅಳತೆಯಲ್ಲಿ ತಪ್ಪಿರಲಿಲ್ಲ. ಆ ನಿಜವನ್ನು ನಾನು ಕತ್ತಿಯ ಹಾಗೆ ಎತ್ತಿಕೊಟ್ಟೆ, ಅವರು ಅದನ್ನು ಮಗಳ ಮೇಲೆ ಇಳಿಸಿದರು. ಕೂಗಾಡಲಿಲ್ಲ. "ಸುಳ್ಳಿಗೆ ನನ್ ಕೈಲಿ ಬೆಂಡು ಕೊಯ್ಸಿದ್ಯಲ್ಲೇ, ರೇಣಿ," ಎಂದರು. ಅಷ್ಟೇ. ಮತ್ತೆ ಕತ್ತಿ ಎತ್ತಿಕೊಂಡು ಯಾರದೋ ಬಾಸಿಂಗದ ಕೆಲಸಕ್ಕೆ ಕೂತರು. ಪಕ್ಕದಲ್ಲಿ ಬಾಸಿಂಗಕ್ಕೆ ಕಾದಿದ್ದ ಮದುವೆಮನೆಯವರು ಎಲ್ಲವನ್ನೂ ಕೇಳಿಸಿಕೊಂಡರು. ಊರಿಗೆ ಮಾತು ಹೋದದ್ದು ಅವರ ಬಾಯಿಂದ.

ಬೆಂಗಳೂರಿನಲ್ಲಿ ಗುರುಗಳು ಮಾದರಿಯನ್ನು ಸುತ್ತ ತಿರುಗಿಸಿ ನೋಡಿ, ಚೆಂದವಾಗಿದೆ ಎಂದರು. ಜಾಗ ನನಗೆ ಸಿಕ್ಕಿತು. ರೇಣುಕಾ ಮತ್ತೊಂದು ಸಲ ಪ್ರಯೋಗ ಮಾಡುತ್ತೇನೆ ಎಂದು ಬರಬಹುದು ಎಂದು ನಾನು ಹೆದರಿಕೊಂಡೇ ಇದ್ದೆ. ಅವಳು ಬರಲಿಲ್ಲ. ಕೈಯ ಮೇಲೆ ನಂಬಿಕೆ ಹೋದವಳು ಏನೆಂದು ಬರುತ್ತಾಳೆ? ಕಾಮಾಲೆ ಇಳಿದ ಮೇಲೆ ಕುಪ್ಪಗಡ್ಡೆಯ ಒಂದು ಮನೆಗೆ ಅವಳನ್ನು ಕೊಟ್ಟರು. ಮದುವೆಗೆ ನಾನು ಹೋಗಿದ್ದೆ — ಹೌದು, ಹೋಗಿದ್ದೆ, ಹೋಳಿಗೆ ಉಂಡೆ. ಅಪ್ಪ ಮಾಡಿದ ಬಾಸಿಂಗದ ಕೆಳಗೆ ಅವಳ ಮುಖ ಸಣ್ಣದಾಗಿ ಕಾಣುತ್ತಿತ್ತು. ಗುತ್ಯಪ್ಪನವರು ನನಗೆ ತಾವೇ ಎಲೆ ಹಾಕಿ ಕೂರಿಸಿದರು. "ನೀವು ಇದ್ದಿದ್ಕೆ ಗೊತ್ತಾತು ಅಕ್ಕೋರೇ. ಇಲ್ದಿದ್ರೆ ನಾನು ಮಗಳ ಮಾತನ್ನೇ ನಂಬ್ಕಂಡು ಇರ್ತಿದ್ದೆ," ಎಂದರು. ನನಗೆ ಹೋಳಿಗೆ ಗಂಟಲಲ್ಲಿ ಇಳಿಯದೆ ಇರಬೇಕಿತ್ತು. ಇಳಿಯಿತು. ಇನ್ನೊಂದು ಹಾಕಿಸಿಕೊಂಡೆ.

ರೇಣುಕಾ ಕಂಡದ್ದೇ ಸರಿ ಎಂದು ಮುಂದೆ ಲೋಕವೇ ಒಪ್ಪಿತು. ಬುಡದಲ್ಲೇ ಕವಲೊಡೆದ ಕೊಂಬೆಯ ಆಮ್ಲಗಳು ಸಣ್ಣ ಸುರುಳಿಗೆ ಒಗ್ಗುವುದಿಲ್ಲ ಎಂಬುದು ಪಾಠವಾಯಿತು. ಆ ಪಾಠವನ್ನು ವರ್ಷ ವರ್ಷವೂ ಹೇಳಿದವಳು ನಾನು. ಕಪ್ಪುಹಲಗೆಯ ಮೇಲೆ ವ್ಯಾಲೀನ್ ಬರೆದು, ಇದು ಏಕೆ ಕೂರುವುದಿಲ್ಲ ಎಂದು ಮಕ್ಕಳನ್ನು ಕೇಳುತ್ತಿದ್ದೆ. ಒಬ್ಬಳು ಹುಡುಗಿ ಒಮ್ಮೆ, ಇದನ್ನು ಮೊದಲು ಕಂಡವರು ಯಾರು ಮೇಡಂ ಎಂದಳು. ನೆನಪಿಲ್ಲಮ್ಮ ಎಂದೆ.

ಹೇಳಲು ಅವಕಾಶವೇ ಸಿಗಲಿಲ್ಲವೇ? ಬೇಕಾದಷ್ಟು ಸಿಕ್ಕಿತು. ಊರಿಗೆ ಹೋದಾಗಲೆಲ್ಲ ಸೊರಬ ಬಸ್ಸಿನ ಒಂದು ಟಿಕೆಟ್ಟಿನಷ್ಟೇ ದೂರ. ಒಮ್ಮೆ ಶಿಕಾರಿಪುರದ ಸಂತೆಯಲ್ಲಿ ಗುತ್ಯಪ್ಪನವರೇ ಎದುರಾದರು, ಕೂದಲೆಲ್ಲ ಬೆಳ್ಳಗಾಗಿತ್ತು. ರೇಣುಕಾ ಹೇಗಿದ್ದಾಳೆ ಎಂದೆ. "ಇದಾಳೆ. ಹಬ್ಬಕ್ಕೆ ಬರ್ತಾಳೆ, ಹೊರಗೇ ಕೂತು ಹೋಗ್ತಾಳೆ. ನಾನೂ ಮಾತಾಡ್ಸಲ್ಲ," ಎಂದರು. ಆಗ ಹೇಳಬಹುದಿತ್ತು. ಅವರು ಬದುಕಿದ್ದರು, ನಾನೂ ಬದುಕಿದ್ದೆ, ಸಂತೆಯಲ್ಲಿ ಮೆಣಸಿನಕಾಯಿ ಘಾಟು ಬಿಟ್ಟರೆ ಅಡ್ಡಿ ಬೇರೇನೂ ಇರಲಿಲ್ಲ. ಆರೋಗ್ಯ ನೋಡಿಕೊಳ್ಳಿ ಎಂದು ಹೇಳಿ ಬಂದೆ.

ನಾನು ನಿವೃತ್ತಳಾದಾಗ ಹಳೆಯ ಕಪಾಟು ಖಾಲಿ ಮಾಡುವಾಗ ಆ ಮಾದರಿ ಸಿಕ್ಕಿತು. ಬಣ್ಣ ಚಕ್ಕೆಯೆದ್ದಿತ್ತು. ವ್ಯಾಲೀನಿನ ಆ ಗುಂಡನ್ನು ಕಿತ್ತು ನೋಡಿದೆ. ನನ್ನ ಹೆಬ್ಬೆರಳಿನ ಕೆಲಸ ಹಾಗೇ ಇತ್ತು. ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಕುಪ್ಪಗಡ್ಡೆಗೆ ಹೋದೆ. ಅಷ್ಟು ಹೊತ್ತಿಗೆ ಗುತ್ಯಪ್ಪನವರು ತೀರಿಕೊಂಡು ವರ್ಷವಾಗಿತ್ತು. ಸತ್ತವರ ಎದುರು ಧೈರ್ಯ ಬರುವ ಜಾತಿಯವಳು ನಾನು.

ರೇಣುಕಾ ನನ್ನನ್ನು ಗುರುತು ಹಿಡಿದು ನಕ್ಕಳು, ಚಾಪೆ ಹಾಸಿದಳು. ಕಾಫಿ ಮಾಡಲು ಸೊಸೆಯನ್ನು ಕರೆದಳು. "ಪುಡಿ ನೀನೇ ಹಾಕೇ ಮಾರಾಯ್ತಿ," ಎಂದಳು. ಸೊಸೆ ನನಗೆ ನಗುತ್ತ ಹೇಳಿದಳು: "ಅತ್ತೆ ಉಪ್ಪೂ ಹಾಕದಿಲ್ಲ, ಅಕ್ಕಿನೂ ಅಳೆಯದಿಲ್ಲ. ನನ್ ಕೈ ಅಳತೆ ನಂಬಬ್ಯಾಡಿ ಅಂತ ಮದ್ವೆ ಆಗಿ ಬಂದಾಗ್ಲಿಂದ ಹೇಳ್ತಾರಂತೆ."

ತೊಟ್ಟೂ ಚೆಲ್ಲದ ಕೈ ಅದು. ನಾನು ಕರವಸ್ತ್ರ ಬಿಚ್ಚಿ ಗುಂಡನ್ನು ಅವಳ ಅಂಗೈ ಮೇಲೆ ಇಟ್ಟೆ. ಮಾತೇ ಬೇಕಾಗಲಿಲ್ಲ. ಅವಳು ಚಪ್ಪಟೆ ಗುರುತನ್ನು ನೋಡಿದಳು, ಪಕ್ಕದಲ್ಲಿ ಬಣ್ಣ ಉದುರಿದ ಕಡೆ ಹೆಬ್ಬೆರಳಿಟ್ಟು ಒತ್ತಿದಳು. ಅಲ್ಲೂ ಒಂದು ಗುಳಿ ಬಿತ್ತು. ಅವಳ ಮುಖದ ಮೇಲೆ ಎಲ್ಲವೂ ಒಂದೊಂದಾಗಿ ಹೋದದ್ದನ್ನು ನಾನು ಕಂಡೆ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ.

"ಅಪ್ಪಯ್ಯಂಗೆ ಹೇಳಿದ್ಯಾ?" ಎಂದಳು.

"ಇಲ್ಲ."

 ಕಾಫಿ ಬಂದು ಆರಿತು. ಕೊನೆಗೆ, "ನನ್ನತ್ರ ಎಂತಕ್ಕೆ ಬಂದು ಹೇಳ್ತೀಯೇ? ಸೊರಬದಾಗೆ ಹೇಳು. ಅಪ್ಪಯ್ಯ ನಾಕ್ ಜನರ ಎದ್ರಿಗೆ ಕೇಳಿದ್ರು," ಎಂದಳು. ಗುಂಡನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲು ಹೋದಾಗ ಮುಷ್ಟಿ ಮುಚ್ಚಿಕೊಂಡಳು. "ಇದು ಅಪ್ಪಯ್ಯನ ಕೈಕೆಲ್ಸ. ಇಲ್ಲೇ ಇರ್ಲಿ." ನನ್ನನ್ನು ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿಂದ ನೇರ ಸೊರಬಕ್ಕೆ ಬಂದೆ. ಅದೇ ಜಗಲಿ. ಗುತ್ಯಪ್ಪನವರ ಜಾಗದಲ್ಲಿ ಅವರ ಮಗ ಕೂತು ಬೆಂಡು ಸೀಳುತ್ತಿದ್ದ. ಬಾಸಿಂಗಕ್ಕೆ ಬಂದ ಮದುವೆಮನೆಯವರು ಅವತ್ತೂ ಇದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಹುಚ್ಚು ಮುದುಕಿ ಎಂದುಕೊಂಡರೋ ಏನೋ. ಮಗ ಮಾತ್ರ ತಲೆಯೆತ್ತದೆ ಕೇಳಿಸಿಕೊಂಡ. ಮುಗಿದ ಮೇಲೆ ಹೇಳಿದ: "ಅಪ್ಪಯ್ಯ ಹೋಗೋ ಹೊತ್ತಿಗೆ, ಅಕ್ಕನ್ನ ಕರ್ಸ್ಲಾ ಅಂತ ಕೇಳ್ದೆ. ಬ್ಯಾಡ ಅಂದ."

 ಆ ಜಗಲಿಯಲ್ಲಿ ಗುತ್ಯಪ್ಪನವರು ಒಂದು ಪ್ರಶ್ನೆ ಕೇಳಿದ್ದರು, ಅದಕ್ಕೆ ಮಾತ್ರ ಉತ್ತರ ಕೊಟ್ಟು ಬಂದೆ. ಅದನ್ನೇ ಇಲ್ಲಿಯೂ ಬರೆಯುತ್ತೇನೆ. ನಿಮ್ಮ ಕೆಲಸವೂ ಸುಳ್ಳಲ್ಲ, ನಿಮ್ಮ ಮಗಳ ಕೆಲಸವೂ ಸುಳ್ಳಲ್ಲ, ಗುತ್ಯಪ್ಪನವರೇ. ಬೆಂಡು ಮೆತ್ತಗಿತ್ತು.